ತಾಳೆಗರಿ, ಅಚ್ಚು, ಗಣಕಯಂತ್ರ

ಉಪಕರಣವು ಬದಲಾದೊಡನೆ ವಿದ್ಯೆಯೇ ಕೆಟ್ಟಿತೆಂದು ಹಲುಬುವುದು ಪಂಡಿತವರ್ಗದ ಹಳೆಯ ಚಾಳಿ. ತಾಳೆಗರಿಯ ಕಟ್ಟುಗಳಲ್ಲಿ ಹುದುಗಿದ್ದ ವಚನಗಳನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವಾಗಿ ಅಚ್ಚಿಗೆ ತಂದರು, ಅಚ್ಚಾದುದರಿಂದಲೇ ಅವು ಶಾಲೆಯ ಮಕ್ಕಳ ಕೈಗೂ ಎಟುಕುವಂತಾಯಿತು. ಇಂದು ‘ವಚನ ಸಂಚಯ’ವೆಂಬ ಜಾಲತಾಣದಲ್ಲಿ ಪದವೊಂದನ್ನು ಕೊಟ್ಟರೆ, ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಹಿಂದೆ ಇದಕ್ಕೆ ವಿದ್ವಾಂಸನೊಬ್ಬನ ತಿಂಗಳುಗಳ ಶ್ರಮ ಬೇಕಾಗುತ್ತಿತ್ತು. ಇಂತಹ ಸಾಧನವನ್ನು ತರಗತಿಯಿಂದ ದೂರವಿಡುವುದು ಜಾಣತನವಲ್ಲ.

ಆದರೆ ಗುರುಮಠಕಲ್‌ನಂತಹ ಗಡಿಸೀಮೆಯಲ್ಲಿ ವಿಚಾರಿಸಬೇಕಾದ ಮಾತು ಬೇರೆಯಿದೆ. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಗ್ರಾಂಥಿಕ ಕನ್ನಡವು ಅವರ ಕಿವಿಗೆ ಬೀಳುವುದು ಬಹುಮಟ್ಟಿಗೆ ಗುರುವಿನ ಬಾಯಿಂದ. ಯಂತ್ರವು ಪದವನ್ನು ಹುಡುಕಿ ಕೊಟ್ಟೀತು. ತಪ್ಪಾಗಿ ಉಚ್ಚರಿಸಿದ ಮಗುವನ್ನು ನಾಚಿಸದೆ ತಿದ್ದುವವನು ಗುರುವೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ದೂರದರ್ಶನಕ್ಕೂ ಮೊಬೈಲಿಗೂ ಹೋಯಿತು. ಮನೆಯ ಒಂದೇ ಮೊಬೈಲು ಕೂಲಿಗೆ ಹೋದ ತಂದೆಯ ಜೇಬಿನಲ್ಲಿದ್ದರೆ ಮಗುವಿಗೆ ಪಾಠವೆಲ್ಲಿ? ಪಠ್ಯಪುಸ್ತಕದಲ್ಲಿ ಅಚ್ಚಾದ ಕ್ಯೂಆರ್ ಸಂಕೇತವೂ ಅಂತಹ ಮನೆಯಲ್ಲಿ ಬರಿಯ ಕಪ್ಪು ಚೌಕ. ಆದುದರಿಂದ ದಾನಿಗಳು ಕೊಡುವ ಗಣಕಯಂತ್ರವು ಕಚೇರಿಯ ಬೀಗದೊಳಗೆ ಧೂಳು ಹಿಡಿಯದೆ, ಗ್ರಂಥಾಲಯದಲ್ಲಿ ಸಂಜೆ 6 ಗಂಟೆಯವರೆಗೆ ಮಕ್ಕಳಿಗೆ ದೊರೆಯುವಂತಿರಬೇಕು. ಬಳಿಯಲ್ಲಿ ಕನ್ನಡ ಅಧ್ಯಾಪಕರೊಬ್ಬರು ಕುಳಿತಿರಬೇಕು. ಅವರ ಗೌರವಧನವನ್ನೂ ದಾನದ ಲೆಕ್ಕದಲ್ಲಿಯೇ ಸೇರಿಸುವುದು ಉಚಿತ.