ಧಾರಾವಾಹಿಯ ಸೊಸೆಯೂ ನಮ್ಮ ಮನೆಯ ಮಗಳೂ

ಸಾಯಂಕಾಲ ದೀಪ ಹೊತ್ತಿಸುವ ವೇಳೆಯಿಂದ ರಾತ್ರಿಯ ಊಟದವರೆಗೆ ನಮ್ಮ ನಾಡಿನ ಅಸಂಖ್ಯ ಗೃಹಗಳಲ್ಲಿ ದೂರದರ್ಶನದ ಧಾರಾವಾಹಿಗಳು ನಡೆಯುತ್ತಿರುವುದು ವಾಚಕರೆಲ್ಲರಿಗೂ ತಿಳಿದ ಸಂಗತಿಯಷ್ಟೆ. ಇವುಗಳನ್ನು ನೋಡುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತತಕ್ಕವಳಲ್ಲ. ಹತ್ತನೆಯ ತರಗತಿಯ ಬಾಲಿಕೆಯಿರುವ ಮನೆಯಲ್ಲಿ ಓದಿನ ಹೊತ್ತಿಗೆ ಪೆಟ್ಟಿಗೆಯ ಧ್ವನಿಯನ್ನು ತಗ್ಗಿಸಿದರೆ ಸಾಕು ಎಂಬಷ್ಟರಲ್ಲಿ ಆ ವಿಷಯದ ನನ್ನ ಅಭಿಪ್ರಾಯ ಮುಗಿಯುತ್ತದೆ. ನಾನು ಬರೆಯಬೇಕೆಂದಿರುವುದು ಧಾರಾವಾಹಿಯನ್ನು ಕುರಿತಲ್ಲ. ಅದು ಮುಗಿದ ಮೇಲೆ ನಡೆಯುವ ಮಾತನ್ನು ಕುರಿತು.

ಆ ಮಾತು ಹೇಗಿರುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಪೋಷಕರ ಸಭೆಯ ದಿನ ನಮ್ಮ ಶಾಲೆಯ ಜಗಲಿಯಲ್ಲಿ ಕಾದು ಕುಳಿತಿರುವ ತಾಯಂದಿರು ಅದಕ್ಕೆ ಮುಂಚೆ ಒಬ್ಬರನ್ನೊಬ್ಬರು ಕಂಡವರಲ್ಲದಿದ್ದರೂ, ಮತದಲ್ಲಿಯೂ ಊರಿನಲ್ಲಿಯೂ ಬೇರೆಬೇರೆಯವರಾಗಿದ್ದರೂ, ಐದು ನಿಮಿಷ ಕಳೆಯುವುದರೊಳಗೆ ಯಾವುದೋ ಒಂದು ಮನೆಯ ಸೊಸೆಯ ಕಷ್ಟಸುಖವನ್ನು ವಿಚಾರಿಸತೊಡಗುತ್ತಾರೆ. ತಿಳಿಯದವರು ಕೇಳಿದರೆ, ಇವರು ನೆರೆಮನೆಯವಳ ಮಾತನ್ನಾಡುತ್ತಿರುವರೆಂದೇ ಎಣಿಸಬೇಕು. ಆ ಗಂಡನನ್ನು ಎಂದೋ ಬಿಡಬೇಕಾಗಿತ್ತೆಂದು ಒಬ್ಬರು, ಮಕ್ಕಳ ಮುಖ ನೋಡಿಯಾದರೂ ತಾಳಿಕೊಳ್ಳಬೇಕಾಗಿತ್ತೆಂದು ಇನ್ನೊಬ್ಬರು, ಅತ್ತೆ ಒಳ್ಳೆಯವಳಾದ್ದರಿಂದ ಹೇಗೋ ಬದುಕಿಕೊಂಡಳೆಂದು ಮತ್ತೊಬ್ಬರು. ಪಕ್ಕದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಂಕಪಟ್ಟಿಯನ್ನು ಮಡಿಸುತ್ತ ಬಿಚ್ಚುತ್ತ ನಿಂತಿರುತ್ತಾಳೆ. ಅವಳ ಗಮನವೆಲ್ಲ ಆ ಮಾತಿನ ಕಡೆಗೆ. ಮಗಳೊಡನೆ ನೇರವಾಗಿ ಆಡಲು ಸಂಕೋಚಪಡುವ ಮಾತುಗಳನ್ನು ನಾವು ಧಾರಾವಾಹಿಯ ಸೊಸೆಯ ನೆವದಿಂದ ಆಡಿಬಿಡುತ್ತೇವೆ. ಹೆಣ್ಣು ಎಷ್ಟು ಸಹಿಸಬೇಕು, ಯಾವಾಗ ಬಾಯಿ ತೆರೆಯಬೇಕು, ತೆರೆದರೆ ತವರಿನವರು ಏನೆನ್ನುವರು ಎಂಬುದೆಲ್ಲ ಅದರಲ್ಲಿ ಬಂದುಹೋಗುತ್ತದೆ. ಹುಡುಗಿ ಒಂದನ್ನೂ ಮರೆಯುವುದಿಲ್ಲ. ನಮ್ಮ ಶಾಲೆಯ ನೀತಿಬೋಧೆಯ ಪಾಠವನ್ನು ಆಕೆ ಮರೆತಾಳು, ಇದನ್ನು ಮರೆಯಳು.

ಕಥೆಯ ಪಾತ್ರದ ಮೇಲೆ ತೀರ್ಪು ಕೊಡುವುದರ ಸ್ವಭಾವವೆಂತಹದೆಂಬುದಕ್ಕೆ ಸತ್ಯವೇದದಲ್ಲಿ ಒಂದು ನಿದರ್ಶನವುಂಟು. ಪ್ರವಾದಿಯಾದ ನಾತಾನನು ಅರಸನಾದ ದಾವೀದನ ಬಳಿಗೆ ಬಂದು, ಕುರಿದನಗಳು ಬೇಕಾದಷ್ಟಿದ್ದ ಐಶ್ವರ್ಯವಂತನೊಬ್ಬನು ಬಡವನ ಒಂದೇ ಒಂದು ಹೆಣ್ಣು ಕುರಿಮರಿಯನ್ನು ಕಿತ್ತುಕೊಂಡ ಕಥೆಯನ್ನು ಹೇಳಿದನು. ದಾವೀದನು ಕೋಪದಿಂದ ಉರಿದೆದ್ದು ಕೂಡಲೇ ತೀರ್ಪು ಕೊಟ್ಟನು. ಆ ಐಶ್ವರ್ಯವಂತನು ತಾನೇ ಎಂಬುದು ಅವನಿಗೆ ತಿಳಿದದ್ದು ತೀರ್ಪು ಬಾಯಿಂದ ಹೊರಟ ಮೇಲೆ. ನಮ್ಮ ಮನೆಗಳಲ್ಲಿಯೂ ದಿನದಿನವೂ ದಾವೀದನ ಕೋಪವುಂಟು, ದಾವೀದನ ತೀರ್ಪುಂಟು. ನಾತಾನನ ಎರಡನೆಯ ಮಾತು ಮಾತ್ರ ಇಲ್ಲ. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದುಬಿಡುತ್ತದೆ.

ಒಂದು ನಿರ್ದಿಷ್ಟವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಲರ್ಸ್ ಕನ್ನಡ ವಾಹಿನಿಯಲ್ಲಿ 2022ರಲ್ಲಿ ಆರಂಭವಾದ 'ಭಾಗ್ಯಲಕ್ಷ್ಮೀ' ಎಂಬ ಧಾರಾವಾಹಿಯನ್ನು ನಮ್ಮ ಪೋಷಕರಲ್ಲಿ ಅನೇಕರು ಬಲ್ಲರು. ಭಾಗ್ಯ ಎಂಬಾಕೆ ಎರಡು ಮಕ್ಕಳ ತಾಯಿ. ಓದು ಅರ್ಧದಲ್ಲಿಯೇ ನಿಂತವಳು. ಗಂಡನಾದ ತಾಂಡವನಿಗೆ ಹೆಂಡತಿಯ ಅಜ್ಞಾನವು ಹಾಸ್ಯದ ವಸ್ತು; ಅವನ ಮನಸ್ಸು ಕಚೇರಿಯ ಶ್ರೇಷ್ಠಾ ಎಂಬವಳ ಕಡೆಗೆ ತಿರುಗಿದೆ. ಅತ್ತೆಯಾದ ಕುಸುಮಳು ಮಗನ ಪಕ್ಷವನ್ನು ಹಿಡಿಯದೆ ಸೊಸೆಯ ಪಕ್ಷವನ್ನು ಹಿಡಿಯುತ್ತಾಳೆ. ಸೊಸೆಯು ಹತ್ತನೆಯ ತರಗತಿಯನ್ನು ಓದಲು ಮಗಳ ವಯಸ್ಸಿನ ಮಕ್ಕಳ ನಡುವೆ ಹೋಗಿ ಕುಳಿತುಕೊಳ್ಳುತ್ತಾಳೆ. ಈ ಕಥೆಗೆ ನಾನು ಕೃತಜ್ಞಳೇ ಆಗಿದ್ದೇನೆ. ಹತ್ತನೆಯ ತರಗತಿಯ ಪರೀಕ್ಷೆ ಎಂಬುದು ಒಂದು ಹೆಣ್ಣಿನ ಬಾಳಿನಲ್ಲಿ ಏನೆಂಬುದನ್ನು ನಾವು ಶಿಕ್ಷಕಿಯರು ವೇದಿಕೆಯ ಮೇಲೆ ನಿಂತು ಎಷ್ಟು ಸಲ ಹೇಳಿದರೂ ಹತ್ತದೆ ಇದ್ದ ಮನಸ್ಸುಗಳಿಗೆ ಭಾಗ್ಯಳ ಕಣ್ಣೀರಿನಿಂದ ಹತ್ತಿತು.

ಆದರೆ ಈ ಭಾಗ್ಯಳನ್ನು ಕುರಿತು ನಾನು ಕೇಳಿರುವ ಮಾತೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಆಕೆ ಗಂಡನ ಮನೆಯಲ್ಲಿ ಇರಬೇಕೋ, ಬಿಟ್ಟು ಹೊರಡಬೇಕೋ. ಇರಬೇಕೆನ್ನುವವರಿಗೂ ಹೊರಡಬೇಕೆನ್ನುವವರಿಗೂ ಸಮಾನವಾದ ಆವೇಶ. ನನ್ನ ಅಭಿಪ್ರಾಯದಲ್ಲಿ ಇದು ಪ್ರಶ್ನೆಯೇ ಅಲ್ಲ. ಅಥವಾ ಬಹಳ ತಡವಾಗಿ ಕೇಳಿದ ಪ್ರಶ್ನೆ. ಕೈಯಲ್ಲಿ ವಿದ್ಯೆಯಿಲ್ಲ, ಹೆಸರಿನಲ್ಲಿ ಹಣವಿಲ್ಲ, ತವರಿನಲ್ಲಿ ಬಲವಿಲ್ಲ ಎಂಬ ಸ್ಥಿತಿಯಲ್ಲಿ ನಿಂತಿರುವ ಹೆಣ್ಣಿಗೆ ಇರುವುದೂ ಹೊರಡುವುದೂ ಎರಡೂ ಆಯ್ಕೆಗಳಲ್ಲ. ಆಕೆಯ ಆಯ್ಕೆಯನ್ನು ಬೇರೆ ಯಾರೋ ಹದಿನೈದು ವರ್ಷದ ಹಿಂದೆ, ಆಕೆಯ ಪುಸ್ತಕದ ಚೀಲವನ್ನು ಅಟ್ಟದ ಮೇಲಿಟ್ಟ ದಿನವೇ ಮುಗಿಸಿದ್ದಾರೆ. ಆ ಚೀಲವನ್ನು ಎತ್ತಿಟ್ಟವನು ತಾಂಡವನಲ್ಲ. ಮಗಳನ್ನು ಬಹಳವಾಗಿ ಪ್ರೀತಿಸುವ ಜನರೇ ಅದನ್ನು ಎತ್ತಿಡತಕ್ಕವರು. ಆದಕಾರಣವೇ ಅವರ ಮೇಲೆ ಯಾರಿಗೂ ಕೋಪ ಬರುವುದಿಲ್ಲ.

ತಾಂಡವನನ್ನು ರಾತ್ರಿ ಶಪಿಸಿದ ತಂದೆಯು ಮರುದಿನ ಬೆಳಗ್ಗೆ ನನ್ನ ಕೊಠಡಿಗೆ ಬಂದು, ಹತ್ತಾದ ಮೇಲೆ ಹುಡುಗಿಯನ್ನು ಮನೆಯಲ್ಲಿಯೇ ಇಟ್ಟುಕೊಳ್ಳುತ್ತೇವೆಂದು ಹೇಳುವುದು ಪ್ರತಿ ವರ್ಷದ ಮಾತು. ಅದರಲ್ಲಿ ಕಾನೂನಿಗೆ ವಿರುದ್ಧವಾದುದೇನೂ ಇಲ್ಲವೆಂಬುದನ್ನೂ ಹೇಳಬೇಕು. 2009ರ ಶಿಕ್ಷಣದ ಹಕ್ಕಿನ ಕಾನೂನು ಆರರಿಂದ ಹದಿನಾಲ್ಕರ ವಯಸ್ಸಿನವರೆಗೆ ಮಗುವನ್ನು ಕಾಯುತ್ತದೆ. ಬಾಲ್ಯವಿವಾಹವನ್ನು ನಿಷೇಧಿಸುವ 2006ರ ಕಾನೂನು ಹುಡುಗಿಯನ್ನು ಹದಿನೆಂಟರವರೆಗೆ ಕಾಯುತ್ತದೆ. ನಮ್ಮ ರಾಜ್ಯವಂತೂ 2016ರಲ್ಲಿ ಆ ಕಾನೂನಿಗೆ ತಿದ್ದುಪಡಿ ಮಾಡಿ, ಅಂತಹ ವಿವಾಹವು ಆರಂಭದಿಂದಲೇ ಅಸಿಂಧುವೆಂದು ವಿಧಿಸಿತು. ಆದರೆ ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವೆ ಮದುವೆಯೂ ಇಲ್ಲದೆ ಓದೂ ಇಲ್ಲದೆ ಮನೆಯಲ್ಲಿ ಕುಳಿತಿರುವ ಹುಡುಗಿಯನ್ನು ಕಾಯತಕ್ಕ ಕಾನೂನಿಲ್ಲ. ಅವಳನ್ನು ಕಾಯತಕ್ಕದ್ದು ಮನೆಯ ಮಾತು ಒಂದೇ. ಈ ಮಾತಿಗೆ ನಾನು ಇಷ್ಟು ಬೆಲೆಯನ್ನು ಕಟ್ಟುವುದು ಅದಕ್ಕಾಗಿ.

ಇನ್ನು, ಪಾತ್ರಗಳ ಗುಣಾವಗುಣಗಳನ್ನು ಬರೆದವರು ಒಂದು ರೀತಿಯಾಗಿಯೂ ನೋಡಿದವರು ಮತ್ತೊಂದು ರೀತಿಯಾಗಿಯೂ ಎಣಿಸುವುದುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರಾದವರು 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿಯನ್ನು ಮರೆತಿರಲಾರರು. ಮನೋಹರ ಶ್ಯಾಮ ಜೋಶಿಯವರು ಬರೆದ ಈ ಕಥೆ ದೂರದರ್ಶನದಲ್ಲಿ 1984ರ ಜುಲೈಯಿಂದ 1985ರ ಡಿಸೆಂಬರಿನವರೆಗೆ ನಡೆಯಿತು. ಪ್ರತಿ ಕಂತಿನ ಕೊನೆಯಲ್ಲಿ ನಟ ಅಶೋಕ್ ಕುಮಾರರು ಬಂದು, ಅಂದಿನ ಕಥೆಯನ್ನು ಕುರಿತು ಹಿರಿಯರಂತೆ ನಾಲ್ಕು ಮಾತನಾಡಿ ಹೋಗುತ್ತಿದ್ದರು. ನೋಡಿದವರು ಅವರಿಗೆ ರಾಶಿರಾಶಿಯಾಗಿ ಕಾಗದಗಳನ್ನು ಬರೆದರು. ಕುಡುಕ ಬಸೇಸರನ ಹೆಂಡತಿ ಭಾಗವಂತಿ ಎಂಬವಳು ಆ ಮನೆಯ ತಾಯಿ. ಎಲ್ಲರ ಮಾತನ್ನೂ ಕೇಳಿ, ಎಲ್ಲರ ಎಂಜಲನ್ನೂ ತೆಗೆದು, ತನಗಾಗಿ ಒಂದನ್ನೂ ಬೇಡದವಳು. ಹೀಗಿರಬಾರದೆಂದು ತೋರಿಸುವುದಕ್ಕಾಗಿಯೇ ಆಕೆಯನ್ನು ಅಲ್ಲಿ ನಿಲ್ಲಿಸಿದ್ದರು. ಮುಂದೆ ಅರವಿಂದ ಸಿಂಘಾಲ್ ಮತ್ತು ಎವರೆಟ್ ರಾಜರ್ಸ್ ಎಂಬ ವಿದ್ವಾಂಸರು ನೋಡಿದವರನ್ನು ವಿಚಾರಿಸಲಾಗಿ, ಭಾಗವಂತಿಯಂತೆಯೇ ಇರಬೇಕೆಂದು ಹೇಳಿದವರು ಅನೇಕರು ಸಿಕ್ಕಿದರು; ಅವರಲ್ಲಿ ಸ್ತ್ರೀಯರೂ ಇದ್ದರು. ಎಚ್ಚರಿಕೆಯೆಂದು ಇಟ್ಟದ್ದನ್ನು ಜನರು ಮಾದರಿಯೆಂದು ಎತ್ತಿಕೊಂಡರು.

ಇದರಲ್ಲಿ ಬರೆದವರ ತಪ್ಪೇನೂ ಇಲ್ಲ. ಸಹನೆಯನ್ನು ಹೊಗಳುವ ಅಭ್ಯಾಸವು ನಮ್ಮ ನಾಲಗೆಗೆ ಅಷ್ಟು ಹಳೆಯದು. ಕ್ರೈಸ್ತರಾದ ನಮ್ಮಲ್ಲಿಯೂ ಅದು ಕಡಿಮೆಯಿಲ್ಲ. ಶಿಲುಬೆ ಹೊರುವುದೆಂಬ ಮಾತನ್ನು ಗಂಡನ ಹೊಡೆತಕ್ಕೆ ಅನ್ವಯಿಸುವವರನ್ನು ನಾನು ಬಲ್ಲೆ. ಅದು ಶಾಸ್ತ್ರವಲ್ಲ, ಸೋಮಾರಿತನ.

ಪೆಟ್ಟಿಗೆಗೆ ನ್ಯಾಯವಾಗುವಂತೆ ಮತ್ತೊಂದು ಸಂಗತಿಯನ್ನೂ ಹೇಳುತ್ತೇನೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬಿಬ್ಬರು ನಮ್ಮ ದೇಶದ ಐದು ಪ್ರದೇಶಗಳಲ್ಲಿ 2001ರಿಂದ 2003ರವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಹಳ್ಳಿಗೆ ಕೇಬಲ್ ದೂರದರ್ಶನ ಬಂದ ಮೇಲೆ, ಗಂಡನು ಹೆಂಡತಿಯನ್ನು ಹೊಡೆಯುವುದು ತಕ್ಕದ್ದೆಂದು ಒಪ್ಪುವ ಸ್ತ್ರೀಯರ ಸಂಖ್ಯೆ ಇಳಿದಿತ್ತು. ಗಂಡುಮಗುವೇ ಬೇಕೆಂಬ ಹಂಬಲವೂ ಇಳಿದಿತ್ತು. ಕರ್ನಾಟಕವು ಆ ಐದರಲ್ಲಿ ಸೇರಿರಲಿಲ್ಲ. ಆದರೂ, ಪೆಟ್ಟಿಗೆಯಿಂದ ಹೆಣ್ಣುಮಕ್ಕಳು ಕೆಡುವರೆಂದು ಕಣ್ಣುಮುಚ್ಚಿ ಹೇಳುವ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಕಥೆಯ ಹೆಣ್ಣನ್ನು ಮುಂದಿಟ್ಟುಕೊಂಡು ನಿಜವಾದ ಹೆಣ್ಣಿನ ಬಾಳನ್ನು ಚರ್ಚಿಸುವುದು ದೂರದರ್ಶನದಿಂದ ಹುಟ್ಟಿದ ಪದ್ಧತಿಯೂ ಅಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಎಳೆಯ ವಿಧವೆಯೊಬ್ಬಳು ಮನೆಯಿಂದ ಹೊರಬಿದ್ದು, ವಿದ್ಯೆ ಕಲಿತು, ಮರುವಿವಾಹವಾಗುವ ಕಥೆ ಅದು. 2022ರಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ 'ಶ್ರೀರಸ್ತು ಶುಭಮಸ್ತು' ಎಂಬ ಧಾರಾವಾಹಿಯಲ್ಲಿ ಬೆಳೆದ ಮಗನಿರುವ ತುಳಸಿ ಎಂಬ ವಿಧವೆ ಮಾಧವನನ್ನು ಮದುವೆಯಾದಾಗ, ಈ ವಯಸ್ಸಿನಲ್ಲಿ ಇವಳಿಗಿದು ಬೇಕಾಗಿತ್ತೇ ಎಂದು ಕೇಳಿದವರು ನಮ್ಮಲ್ಲಿಯೇ ಇದ್ದರು. ಎರಡಕ್ಕೂ ನಡುವೆ 123 ವರ್ಷಗಳು. ಇಂದಿರೆಗಾದರೆ ಪುಸ್ತಕವನ್ನು ಕೈಯಲ್ಲಿ ಕೊಟ್ಟ ಬಳಿಕ ಗ್ರಂಥಕರ್ತರು ವರನನ್ನು ಕೊಟ್ಟರು. ಆ ಕ್ರಮವನ್ನು ನಮ್ಮ ಇಂದಿನ ಕಥೆಗಾರರು ಮರೆತಂತೆ ತೋರುತ್ತದೆ.

ಮರೆತಿರುವರೆಂದು ನಾನೇಕೆ ಹೇಳುತ್ತೇನೆಂದರೆ, ಈ ಕಥೆಗಳಲ್ಲಿ ವಿದ್ಯೆಯು ಬಹಳ ಸಲ ಕೆಟ್ಟವಳ ಪಾಲಿಗೆ ಬಂದಿರುತ್ತದೆ. ಇಂಗ್ಲಿಷನ್ನು ಸರಾಗವಾಗಿ ಆಡುವವಳು, ಕಚೇರಿಗೆ ಹೋಗುವವಳು, ತಾನೇ ಕಾರನ್ನು ನಡೆಸುವವಳು ಇನ್ನೊಬ್ಬಳ ಮನೆಯನ್ನು ಒಡೆಯುತ್ತಾಳೆ. ಒಳ್ಳೆಯವಳಾದರೋ ಒಲೆಯ ಮುಂದೆ ನಿಂತಿರುತ್ತಾಳೆ. ಭಾಗ್ಯಳಿಗೂ ಶ್ರೇಷ್ಠಾಗೂ ಇರುವ ಅಂತರವನ್ನು ನೋಡಿರಿ. ನಮ್ಮ ಶಾಲೆಯಲ್ಲಿ ಓದಿ ದಾದಿಯರೂ ಶಿಕ್ಷಕಿಯರೂ ಬ್ಯಾಂಕಿನ ಅಧಿಕಾರಿಗಳೂ ಆಗಿ, ಅತ್ತೆಮಾವಂದಿರ ಔಷಧಿಯ ಖರ್ಚನ್ನು ತಮ್ಮ ಸಂಬಳದಿಂದ ನಡೆಸುತ್ತಿರುವವರು ಎಷ್ಟು ಮಂದಿ! ಅವರು ಯಾವ ಧಾರಾವಾಹಿಯಲ್ಲಿಯೂ ಬರುವುದಿಲ್ಲ. ಅವರಲ್ಲಿ ಜಗಳ ಕಡಿಮೆ, ಆದ್ದರಿಂದ ಕಥೆಯೂ ಕಡಿಮೆ. ಹಳೆಯ ವಿದ್ಯಾರ್ಥಿನಿಯರೇ, ಮನೆಯಲ್ಲಿ ಶ್ರೇಷ್ಠಾಳನ್ನು ಬೈಯುವಾಗ ಅವಳ ನಡತೆಯನ್ನು ಬೈಯಿರಿ, ಅವಳ ಉದ್ಯೋಗವನ್ನು ಬೈಯಬೇಡಿರಿ. ಕೇಳುತ್ತಿರುವ ಹುಡುಗಿಗೆ ಎರಡೂ ಒಂದೇ ಆಗಿ ಕೇಳಿಸುವ ಅಪಾಯವುಂಟು.

ಪಾತ್ರಗಳನ್ನು ಚರ್ಚಿಸಬಾರದೆಂದು ನನ್ನ ಮತವಲ್ಲ. ಚರ್ಚಿಸುವುದರಲ್ಲಿಯೂ ಒಂದು ದಯೆಯುಂಟು. ರೂತಳ ಪುಸ್ತಕದಲ್ಲಿ ನೊವೊಮಿಗೆ ಇಬ್ಬರು ವಿಧವೆ ಸೊಸೆಯರು. ರೂತಳು ಅತ್ತೆಯೊಡನೆ ಪರದೇಶಕ್ಕೆ ಹೊರಟಳು. ಒರ್ಫಾ ಎಂಬವಳು ಅತ್ತು, ಅತ್ತೆಗೆ ಮುದ್ದಿಟ್ಟು, ತನ್ನ ತವರಿಗೆ ಹಿಂದಿರುಗಿದಳು. ಪ್ರಸಂಗಪೀಠಗಳಲ್ಲಿ ರೂತಳನ್ನು ಹೊಗಳುವ ಭರದಲ್ಲಿ ಒರ್ಫಾಳನ್ನು ಹಳಿಯುವುದು ವಾಡಿಕೆಯಾಗಿದೆ. ಆದರೆ ಆ ಪುಸ್ತಕವನ್ನು ಎಷ್ಟು ಸಲ ಓದಿದರೂ ಅವಳನ್ನು ಕುರಿತು ನಿಂದೆಯ ಒಂದು ಶಬ್ದವೂ ಸಿಕ್ಕುವುದಿಲ್ಲ. ಹಿಂದಿರುಗೆಂದು ಹೇಳಿದವಳು ನೊವೊಮಿಯೇ. ಎರಡು ಬಗೆಯ ಬಾಳೂ ಅಲ್ಲಿ ಒಂದು ಹೆಣ್ಣಿಗೆ ಸಲ್ಲತಕ್ಕದ್ದಾಗಿಯೇ ಕಾಣುತ್ತದೆ. ತವರಿಗೆ ಹಿಂದಿರುಗಿ ಬಂದ ಮಗಳನ್ನು ಬೀದಿಯವರು ಏನೆಂದಾರೆಂದು ಹೆದರುವ ಮನೆಯವರು ಒರ್ಫಾಳ ತಾಯಿಯನ್ನು ಸ್ವಲ್ಪ ನೆನೆಯಬೇಕು; ಅವಳ ಮನೆಯ ಬಾಗಿಲು ತೆರೆದಿರಲೇಬೇಕು.

ಕಡೆಗೆ ಒಂದು ಉಪಯೋಗದ ಮಾತು. ಮೆಕ್ಸಿಕೋ ದೇಶದಲ್ಲಿ ಮಿಗೆಲ್ ಸಬಿದೋ ಎಂಬವರು 1975ರಲ್ಲಿ 'ವೆನ್ ಕೊನ್ಮಿಗೊ' ಎಂಬ ಧಾರಾವಾಹಿಯನ್ನು ಆರಂಭಿಸಿದರು. 'ಹಮ್ ಲೋಗ್' ಹುಟ್ಟಿದ್ದು ಅವರ ಪದ್ಧತಿಯಿಂದಲೇ. ದೊಡ್ಡವರಾದ ಮೇಲೆ ಅಕ್ಷರ ಕಲಿಯುವವರ ಕಥೆ ಅದು. ಪಾಠದ ಪುಸ್ತಕಗಳು ಎಲ್ಲಿ ದೊರೆಯುವುವೆಂಬುದನ್ನು ಕಥೆಯಲ್ಲಿಯೇ ತೋರಿಸಲಾಗಿ, ಮರುದಿನ ಸಾವಿರಾರು ಮಂದಿ ಆ ಸ್ಥಳಕ್ಕೆ ನುಗ್ಗಿದರು. ನಮ್ಮ ಭಾಗ್ಯಳನ್ನು ನೋಡಿ ಕಣ್ಣೊರೆಸಿಕೊಂಡವರಿಗೆ, ತಾವು ಹೋಗತಕ್ಕ ಸ್ಥಳ ಯಾವುದೆಂದು ಮನೆಯ ಚರ್ಚೆಯಲ್ಲಿ ಯಾರಾದರೂ ಹೇಳಿದರೇ? ಆದಕಾರಣ ಇಲ್ಲಿ ಬರೆಯುತ್ತೇನೆ. ಭಾಗ್ಯಳಂತೆ ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾದ ಅಗತ್ಯವಿಲ್ಲ. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಹೆಸರನ್ನು ನೋಂದಾಯಿಸಿ ಬರೆಯುವ ವ್ಯವಸ್ಥೆಯುಂಟು. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕವೂ ಹತ್ತನೆಯ ತರಗತಿಯನ್ನು ಮುಗಿಸಬಹುದು. ನಮ್ಮಲ್ಲಿ ಎಂಟು ಒಂಬತ್ತರವರೆಗೆ ಓದಿ ಬಿಟ್ಟವರ ಹೆಸರುಗಳು ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಅಳಿಯದೆ ಇವೆ. ವಯಸ್ಸಿನ ಮತ್ತು ಓದಿನ ದಾಖಲೆ ಬೇಕಾದವರು ಶಾಲೆಯ ಕೆಲಸದ ದಿನಗಳಲ್ಲಿ ಬಂದು ಗುಮಾಸ್ತರನ್ನು ಕಾಣಬಹುದು. ಗಣಿತಕ್ಕೆ ಹೆದರುವವರಿಗೆ ಸಂಜೆ ನಾಲ್ಕೂವರೆಯ ಮೇಲೆ ಪಾಠ ಹೇಳಲು ನಮ್ಮ ಶಿಕ್ಷಕಿಯರಿಬ್ಬರು ಒಪ್ಪಿದ್ದಾರೆ. ಬರುವಾಗ ಅತ್ತೆಯವರನ್ನೂ ಕರೆದುಕೊಂಡು ಬಂದರೆ ಕುರ್ಚಿ ಹಾಕಿಸುತ್ತೇನೆ.