‘ನಾಗರಹಾವು’ ಇಷ್ಟವೇ, ಆದರೆ ಅಲಮೇಲು?

ಮೊನ್ನೆ ಭಾನುವಾರ ಊಟ ಮುಗಿಸಿ ಟಿ.ವಿ. ಹಾಕಿದರೆ ‘ನಾಗರಹಾವು’ ಬರ್ತಿತ್ತು. ಎಷ್ಟನೇ ಸಲವೋ! ಪಾತ್ರೆ ಆಮೇಲೆ ತೊಳೆದರಾಯ್ತು ಅಂತ ನಾನೂ ಕೂತೆ. ಜಲೀಲ ಅಲಮೇಲುವನ್ನು ‘ಬುಲ್ ಬುಲ್’ ಅಂತ ಕರೆದಾಗ ನಾನೂ ನಮ್ಮೆಜಮಾನರೂ ಎಂದಿನಂತೆ ನಕ್ಕೆವು. ಪಿಯುಸಿ ಓದುವ ಮಗಳು ಮಾತ್ರ ನಗಲಿಲ್ಲ. ‘ಅಮ್ಮಾ, ಬಸ್‌ಸ್ಟಾಪಲ್ಲಿ ಒಬ್ಬ ದಿನಾ ನನ್ನ ಹಿಂದೆ ಬಂದು ಹೀಗೇ ಕರೀತಾನೆ. ನಿಮಗೆ ನಗು ಬರುತ್ತಾ?’ ಅಂದಳು. ನನಗೆ ಉತ್ತರ ತೋಚಲಿಲ್ಲ.

ನಾವೆಲ್ಲ ತಲೆ ಮೇಲಿಟ್ಟುಕೊಂಡು ಮೆರೆಸಿದ ಚಿತ್ರ ಅದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆರೆಗೆ ತಂದರು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಷ್ ಪರಿಚಯವಾದದ್ದು ಅಲ್ಲಿಂದಲೇ. 2018ರಲ್ಲಿ ಹೊಸ ತಂತ್ರಜ್ಞಾನದ ಮೆರುಗಿನೊಂದಿಗೆ ಮತ್ತೆ ಬಿಡುಗಡೆಯೂ ಆಯಿತು.

ಹಾಗಂತ ಹುಳುಕೇ ಇಲ್ಲವೇ? ಅಲಮೇಲುವಿನ ಕಥೆಯನ್ನೇ ನೋಡಿ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅವಳನ್ನು ಬಿಟ್ಟುಕೊಡುತ್ತಾನೆ. ಕಾರಣ ಜಾತಿ. ಬೇರೆಯವನನ್ನು ಮದುವೆಯಾದ ಅವಳ ಬಾಳು ಗಂಡನಿಂದಲೇ ಬೀದಿಪಾಲಾಗುತ್ತದೆ. ನಾವು ಗುರು-ಶಿಷ್ಯರ ಪ್ರೀತಿಗೆ ಕಣ್ಣೀರಿಟ್ಟೆವೇ ಹೊರತು, ‘ಅಲಮೇಲುವನ್ನು ಒಂದು ಮಾತು ಕೇಳಬಾರದಿತ್ತೇ?’ ಅಂದುಕೊಂಡವರು ಎಷ್ಟು ಜನ?

ಜಲೀಲನ ವಿಷಯದಲ್ಲಂತೂ ತಪ್ಪು ಪುಟ್ಟಣ್ಣನವರದಲ್ಲ, ನಮ್ಮದೇ. ಚಿತ್ರದಲ್ಲಿ ಅವನು ಪುಂಡ, ಒದೆ ತಿನ್ನುವವನು. ಅವನ ಆ ಮಾತನ್ನು ಮುದ್ದು ಮಾಡಿದವರು ಅಭಿಮಾನಿಗಳಾದ ನಾವು. 2013ರಲ್ಲಿ ‘ಬುಲ್ ಬುಲ್’ ಎಂಬ ಹೆಸರಲ್ಲೇ ಒಂದು ಚಿತ್ರ ಬಂತು. ಹುಡುಗಿ ಬೇಡವೆಂದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತುವುದನ್ನು ಕಾನೂನು ಅಪರಾಧವೆಂದು ಹೆಸರಿಸಿದ್ದೂ ಅದೇ ವರ್ಷ! ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲದ ತಪ್ಪಿಗೇ ಮೂರು ವರ್ಷದವರೆಗೆ ಜೈಲು.

ಹಾಗಾದರೆ ಚಿತ್ರ ನೋಡೋದನ್ನೇ ಬಿಡಬೇಕೇ? ಖಂಡಿತ ಬೇಡ. ಕೆಲವರು ‘ಆ ಕಾಲವೇ ಹಾಗಿತ್ತು ಬಿಡಿ’ ಅಂತ ಎಲ್ಲವನ್ನೂ ಸಮರ್ಥಿಸುತ್ತಾರೆ. ಇನ್ನು ಕೆಲವರು ಒಂದು ತಪ್ಪು ಕಂಡರೆ ಇಡೀ ಚಿತ್ರವನ್ನೇ ತೆಗೆದುಹಾಕುತ್ತಾರೆ. ಎರಡರಲ್ಲೂ ಮಕ್ಕಳಿಗೆ ಕಲಿಯಲು ಏನೂ ಸಿಗದು. ಕಥೆ ಬರೆದ ತ.ರಾ.ಸು. ಅವರಿಗೇ ಈ ಚಿತ್ರದ ಬಗ್ಗೆ ಅಸಮಾಧಾನವಿತ್ತು. ಅದರಿಂದ ಪುಟ್ಟಣ್ಣನವರ ಕೀರ್ತಿಯೇನೂ ಕುಂದಲಿಲ್ಲ. ನಾವು ನಾಲ್ಕು ಮಾತಾಡಿದರೆ ಕುಂದುತ್ತದೆಯೇ?

ಮನೆಯಲ್ಲಿ ಹೀಗೆ ಮಾಡಿ ನೋಡಿ:

* ಮೆಚ್ಚಿದ ಚಿತ್ರವನ್ನು ಮಕ್ಕಳ ಜೊತೆಯಲ್ಲೇ ಕೂತು ನೋಡಿ. ಯಾಕೆ ಇಷ್ಟ ಅಂತ ಮೊದಲು ಹೇಳಿ.

* ತಪ್ಪೆನಿಸಿದ ದೃಶ್ಯ ಬಂದಾಗ ಚಾನೆಲ್ ಬದಲಿಸಬೇಡಿ. ‘ಆ ಹುಡುಗಿಗೆ ಏನನ್ನಿಸಿರಬಹುದು?’ ಅಂತ ಕೇಳಿ. ಮಗನನ್ನೂ ಕೇಳಿ, ಮರೀಬೇಡಿ.

* ಮಕ್ಕಳು ಹುಳುಕು ತೋರಿಸಿದರೆ ‘ನಿನಗೇನು ಗೊತ್ತು’ ಅಂತ ಬಾಯಿ ಮುಚ್ಚಿಸಬೇಡಿ. ಆ ಮಾತಿನ ಹಿಂದೆ ಅವರದೇ ಕಷ್ಟವಿರಬಹುದು.

ಮಾರನೇ ದಿನ ಬೆಳಿಗ್ಗೆ ಮಗಳ ಜೊತೆ ನಾನೂ ಬಸ್‌ಸ್ಟಾಪಿಗೆ ಹೋಗಿ ನಿಂತೆ. ಹುಡುಗ ನನ್ನನ್ನು ನೋಡಿದವನೇ ಜಾಗ ಖಾಲಿ ಮಾಡಿದ. ಅವನು ಮತ್ತೆ ಬಂದರೆ ಪೊಲೀಸರಿಗೆ ದೂರು ಕೊಡೋದು ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದಿಷ್ಟು: ‘ನೀನೂ ನಗ್ತೀಯೇನೋ ಅಂದ್ಕೊಂಡೆ.’

‘ನಾಗರಹಾವು’ ಮತ್ತೆ ಬಂದರೆ ಖಂಡಿತ ನೋಡುತ್ತೇನೆ. ಚಾಮಯ್ಯ ಮೇಷ್ಟ್ರಿಗಾಗಿ ಅಳುತ್ತೇನೆ ಕೂಡ. ಜಲೀಲ ಬಂದಾಗ ಮಾತ್ರ ನಗೋಲ್ಲ. ನೀವು?