ಮಂಗನ ಬಾಯಿಗೆ ಒರೆಸಿದ ಮೊಸರು

ಬೇಸಿಗೆ ಬಂತೆಂದರೆ ಮಲೆನಾಡಿನ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ: 'ಮಂಗಗಳನ್ನು ಮುಗಿಸಿ, ಮಂಗನ ಕಾಯಿಲೆ ತಾನೇ ಮುಗಿಯುತ್ತದೆ.' ಚಪ್ಪಾಳೆಯೋ ಚಪ್ಪಾಳೆ. ಹೆಸರಲ್ಲೇ ಮಂಗ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು!

ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆ ಎಲ್ಲರಿಗೂ ಗೊತ್ತು. ಈ ಸಲ ಒರೆಸಿಕೊಂಡದ್ದು ಕೋತಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವಿಜ್ಞಾನಿಗಳು ಮೊದಲು ಅನುಮಾನಿಸಿದ್ದು ಹಳದಿ ಜ್ವರವನ್ನು. ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಮುಂದೆ ಅದು ಕಾಡಿಲಿ, ಸೊಂಡಿಲಿ, ಅಳಿಲುಗಳಲ್ಲೂ ಪತ್ತೆಯಾಯಿತು. ಉಣುಗಿನ ಮರಿ ಇಲಿಯ ರಕ್ತ ಹೀರಿ ಉದುರುತ್ತದೆ, ಪೊರೆ ಕಳಚಿ ಇನ್ನೊಂದು ಪ್ರಾಣಿಯನ್ನು ಹತ್ತುತ್ತದೆ. ಜೊತೆಗೆ ವೈರಸ್ಸೂ ಹತ್ತುತ್ತದೆ. ಇಲಿ ಹಾಯಾಗಿ ಬಿಲ ಸೇರುತ್ತದೆ, ಸಾಯುವುದು ಮಂಗ. ಈ ವೈರಸ್ಸಿನ ದಾಯಾದಿ ಅಲ್‌ಖುರ್ಮಾ ವೈರಸ್ ಸೌದಿ ಅರೇಬಿಯಾದಲ್ಲಿ ಒಂಟೆಯ ಉಣುಗಿನಲ್ಲಿ ಸಿಕ್ಕಿದೆ. ಒಂದೇ ಬುಡದಿಂದ ಕವಲೊಡೆದ ವೈರಸ್ಸುಗಳು, ಊರಿಗೆ ತಕ್ಕ ಪ್ರಾಣಿಯನ್ನು ಹಿಡಿದಿವೆ. ಅಲ್ಲಿ ಹೋಗಿ ಒಂಟೆಗಳನ್ನು ಮುಗಿಸಿ ಬರೋಣವೇ?

ಮಂಗನ ಹೆಣದಿಂದ ಉಣುಗು ಉದುರುವುದು ನಿಜ. ಆದರೆ ನಮ್ಮ ಪಕ್ಕದ ಮನೆಯ ಅಕ್ಕನ ಮೊಣಕಾಲ ಹಿಂದೆ ಎಳ್ಳುಕಾಳಿನಷ್ಟು ಉಣುಗು ಕಚ್ಚಿಕೊಂಡದ್ದು ಮಂಗನನ್ನು ಮುಟ್ಟಿದ್ದಕ್ಕಲ್ಲ, ಕೊಟ್ಟಿಗೆಗೆ ದರಕು ಗುಡಿಸಿ ತರಲು ಹೋಗಿದ್ದಕ್ಕೆ. ಕೈಯಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡಿಎಂಪಿ ಎಣ್ಣೆಯ ಬಾಟಲಿಯಿತ್ತು, ಖಾಲಿ. ಕೇಳಿದರೆ 'ಸ್ಟಾಕ್ ಬಂದಿಲ್ಲ' ಅಂದರಂತೆ.

ಮಂಗಗಳಿಂದ ಬಾಳೆಗೊನೆ ಹೋದ ಸಿಟ್ಟು ನನಗೂ ಇದೆ, ತೋಟ ನನ್ನದೂ ಇದೆ. ಬೆಳೆಹಾನಿಯ ಪರಿಹಾರ ಕೇಳುವುದಾದರೆ ಹಾಗೆಂದೇ ಕೇಳಿ, ಅದಕ್ಕೆ ಆರೋಗ್ಯದ ಮುಸುಕು ಯಾಕೆ? ಕರೆಂಟಿಗಾಗಿ ಮುಳುಗಿದ ಶರಾವತಿ ಸೀಮೆಯ ಅರಳಗೋಡಿನಲ್ಲಿ 2019ರಲ್ಲಿ ಈ ಕಾಯಿಲೆಗೆ ಜನ ಸತ್ತರು. ಪರಿಣಾಮ ಸಾಲದೆಂದು ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. 1957ರಿಂದ ವರ್ಷಗಳನ್ನು ಬೆರಳು ಮಡಚಿ ಎಣಿಸಿ, ಬೆರಳೇ ಸಾಲುವುದಿಲ್ಲ. ಇದೇ ಜ್ವರ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಂದಿದ್ದರೆ ಒಳ್ಳೆಯ ಲಸಿಕೆಗೆ ಇಷ್ಟು ಕಾಯುತ್ತಿದ್ದರೇ? ಅದನ್ನು ಕೇಳುವ ಧೈರ್ಯವಿಲ್ಲದವರಿಗೆ ಮಂಗ ಸುಲಭ. ಅದು ತಿರುಗಿ ಮಾತಾಡುವುದಿಲ್ಲ, ಓಟೂ ಹಾಕುವುದಿಲ್ಲ.

ಇನ್ನೊಂದು ಮಾತು. ಕಾಡಂಚಿನಲ್ಲಿ ಮಂಗ ಸತ್ತ ಸುದ್ದಿ ಬಂದ ಮೇಲೆಯೇ ಇಲಾಖೆಯವರು ಜೀಪು ಹತ್ತಿ ಬಂದು, ಹೆಣ ಸುಟ್ಟು, ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಹುಡಿ ಎರಚುವುದು. ಮಂಗಗಳೇ ಇಲ್ಲದ ಊರಿನಲ್ಲಿ ಜೀಪು ಹೊರಡಬೇಕಾದರೆ ಮೊದಲು ಯಾರು ಸಾಯಬೇಕು? ಮುಂದಿನ ಸಭೆಯಲ್ಲಿ ಚಪ್ಪಾಳೆ ತಟ್ಟುವ ಮುಂಚೆ ಪಕ್ಕದ ಕುರ್ಚಿಯತ್ತ ಒಮ್ಮೆ ನೋಡಿ.